ನಿಮ್ಮ ಪ್ಯಾನ್ ಮೇಲೆ ಇನ್ನೊಬ್ಬರ ವ್ಯಾಪಾರ: ನೋಟಿಸು ಬಂದ ದಿನದಿಂದ ಹೆಸರು ಬಿಡಿಸಿಕೊಳ್ಳುವವರೆಗೆ ಹಂತ ಹಂತದ ಮಾರ್ಗದರ್ಶಿ

ಬನಹಟ್ಟಿಯ ಹೆಣ್ಣುಮಗಳೊಬ್ಬರು ಬಾಗಲಕೋಟೆ ನವನಗರದ ನಮ್ಮ ಆಫೀಸಿಗೆ ಬಂದಾಗ ಅವರ ಗೃಹಲಕ್ಷ್ಮಿ ಹಣ ನಿಂತು ಐದು ತಿಂಗಳಾಗಿತ್ತು. ವಿಚಾರಿಸಿದರೆ “ನೀವು ಜಿಎಸ್‌ಟಿ ಕಟ್ಟೋರು ಅಂತ ತೋರಸ್ತದ ನೋಡ್ರಿ” ಎಂದು ಹೇಳಿ ಕಳಿಸಿದ್ದರಂತೆ. ಪವರ್‌ಲೂಮಿನಲ್ಲಿ ಕಂಡಿಕೆ ಸುತ್ತಿ ದಿನಗೂಲಿ ತರುವವರು ಅವರು. ಅವರ ಪ್ಯಾನ್ ಹಾಕಿ ಹುಡುಕಿದರೆ 27ರಿಂದ ಶುರುವಾಗುವ ಒಂದು ಜಿಎಸ್‌ಟಿ ನಂಬರ್ ಬಂತು. ಮಹಾರಾಷ್ಟ್ರದಲ್ಲಿ ಗುಜರಿ ಕಬ್ಬಿಣದ ವ್ಯಾಪಾರ, ಮಾಲೀಕರ ಹೆಸರು ಇವರದೇ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬಿದ್ದಿತ್ತು. ನಮ್ಮಲ್ಲಿಗೆ ಬರುವ ಮೊದಲೇ ಅವರ ಮೈದುನ ಒಬ್ಬ ಏಜೆಂಟನ ಕೈಲಿ ಪತ್ರ ಬರೆಸಿ, ಇವರ ಸಹಿ ಹಾಕಿಸಿ ಕಳಿಸಿಬಿಟ್ಟಿದ್ದರು: “ನನ್ನ ವ್ಯಾಪಾರ ಬಂದಾಗಿರುತ್ತದೆ, ದಯಮಾಡಿ ನನ್ನ ನೋಂದಣಿ ರದ್ದು ಮಾಡಿರಿ.” ಎಂದೂ ಇಲ್ಲದ ವ್ಯಾಪಾರವನ್ನು ಆ ಒಂದು ಸಾಲು ಇವರದೇ ಮಾಡಿಕೊಟ್ಟಿತ್ತು. ಅದನ್ನು ಹಿಂದಕ್ಕೆ ತೆಗೆಸುವುದಕ್ಕೇ ನಮಗೆ ಮೂರು ತಿಂಗಳು ಹಿಡಿಯಿತು.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಇಂಥದ್ದೇ ಒಂದು ತಪ್ಪು ಮಾಡಿಕೊಂಡು ಬಂದಿರುತ್ತಾರೆ. ಒಬ್ಬರು ನೋಟಿಸನ್ನು ದೇವರ ಮಾಡದಲ್ಲಿಟ್ಟು ಸುಮ್ಮನಿರುತ್ತಾರೆ, ಇನ್ನೊಬ್ಬರು ಹೆದರಿ ದುಡ್ಡು ಕಟ್ಟಿಬಿಡುತ್ತಾರೆ, ಮತ್ತೊಬ್ಬರು ದಾಖಲೆ ಒಂದೂ ಇಲ್ಲದೆ ಠಾಣೆಗೆ ಹೋಗಿ ವಾಪಸ್ ಬರುತ್ತಾರೆ. ಇಲ್ಲಿ ಕ್ರಮವೇ ಮುಖ್ಯ. ಮೊದಲು ಪುರಾವೆ, ಆಮೇಲೆ ದೂರು, ಆಮೇಲೆ ಉತ್ತರ. ನಿಮ್ಮದಲ್ಲದ್ದನ್ನು ನಿಮ್ಮದೆಂದು ಒಪ್ಪಿಕೊಂಡಂತಾಗುವ ಯಾವ ಕಾಗದಕ್ಕೂ, ಯಾವ ಓಟಿಪಿಗೂ ಕೈ ಹಾಕಬೇಡಿ.

## ಎಚ್ಚರಿಕೆಯ ಸುಳಿವುಗಳು

ನೋಟಿಸು ಬರುವುದು ಕೊನೆಗೆ. ಅದಕ್ಕೆ ಮುಂಚೆ ಸಣ್ಣ ಸಣ್ಣ ಸುಳಿವು ಸಿಗುತ್ತವೆ.

ಗೃಹಲಕ್ಷ್ಮಿ ಹಣ ನಿಲ್ಲುವುದು ನಮ್ಮ ಕಡೆ ಎಲ್ಲಕ್ಕಿಂತ ಸಾಮಾನ್ಯವಾದ ಸುಳಿವು. ಮನೆಯ ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಆ ಹಣ ಸಿಗುವುದಿಲ್ಲ. ಹಾಗಾಗಿ ಗಂಡನ ಪ್ಯಾನ್ ದುರ್ಬಳಕೆಯಾದರೂ ನಿಲ್ಲುವುದು ಹೆಂಡತಿಯ ಹಣ. ಇಬ್ಬರದ್ದೂ ನೋಡಿ.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೊದಲ ಸಲ ನೋಂದಾಯಿಸಲು ಹೋದಾಗ “ಈ ಪ್ಯಾನ್ ಈಗಾಗಲೇ ನೋಂದಣಿಯಾಗಿದೆ” ಎಂದು ಬಂದರೆ, ಯಾರೋ ನಿಮಗಿಂತ ಮುಂಚೆ ಒಳಗೆ ಹೋಗಿದ್ದಾರೆ. ಕೇಳದೇ ಬರುವ ಆಧಾರ್ ಓಟಿಪಿ, ಸಾಲಕ್ಕೆ ಹೋದಾಗ ಬ್ಯಾಂಕಿನವರು ಹೇಳುವ ಗೊತ್ತಿಲ್ಲದ ಹಳೇ ಸಾಲ, ಹಿಂದಿಯಲ್ಲೋ ಮರಾಠಿಯಲ್ಲೋ ಬರುವ ಸರಕಾರಿ ಪತ್ರ ಇವೂ ಸುಳಿವುಗಳೇ. ಭಾಷೆ ತಿಳಿಯಲಿಲ್ಲವೆಂದು ಆ ಪತ್ರವನ್ನು ಹರಿದುಹಾಕಬೇಡಿ, ಲಕೋಟೆಯನ್ನೂ ಇಟ್ಟುಕೊಳ್ಳಿ. ಅಂಚೆ ಮೊಹರಿನ ದಿನಾಂಕ ಮುಂದೆ ಬೇಕಾಗುತ್ತದೆ.

## ಕೈಯಲ್ಲಿ ಏನೇನು ಇರಬೇಕು

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮ ಕೈಯಲ್ಲಿರಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರ ಆಧಾರ್‌ಗೆ ಜೋಡಿಸಿರುವುದು ಪುಣೆಗೆ ದುಡಿಯಲು ಹೋದ ಮಗನ ನಂಬರ್, ಇಲ್ಲವೇ ಎಂದೋ ಬಂದಾದ ಸಿಮ್. ಹಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ. ಇದಾಗದೆ ಮುಂದಿನ ಎಷ್ಟೋ ಕೆಲಸ ನಿಂತುಬಿಡುತ್ತವೆ.

ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್. ಇವುಗಳ ಜೊತೆಗೆ ನೀವು ಆ ಸಮಯದಲ್ಲಿ ಎಲ್ಲಿದ್ದಿರಿ, ಏನು ಕೆಲಸ ಮಾಡುತ್ತಿದ್ದಿರಿ ಎಂದು ತೋರಿಸುವ ಯಾವುದಾದರೂ ಕಾಗದ ಬೇಕು: ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಪಹಣಿ, ನೇಕಾರ ಗುರುತಿನ ಚೀಟಿ, ಕಬ್ಬು ಕಳಿಸಿದ ಕಾರ್ಖಾನೆಯ ಬಿಲ್ಲು. ಕೋಟಿಗಟ್ಟಲೆ ವಹಿವಾಟು ಮಾಡಿದವನು ಅದೇ ತಿಂಗಳು ಕೆರೆ ಹೂಳೆತ್ತುವ ಮಸ್ಟರ್ ರೋಲ್‌ನಲ್ಲಿ ಹೆಬ್ಬೆಟ್ಟು ಒತ್ತಿದ್ದರೆ, ಅದು ಹತ್ತು ಪುಟದ ವಾದಕ್ಕಿಂತ ಗಟ್ಟಿ.

ಒಂದು ನೂರು ಪುಟದ ನೋಟ್‌ಬುಕ್ಕೂ ಬೇಕು. ಯಾವ ದಿನ ಎಲ್ಲಿಗೆ ಹೋದಿರಿ, ಯಾರು ಏನೆಂದರು, ಅರ್ಜಿಯ ನಂಬರ್ ಎಷ್ಟು, ಎಲ್ಲ ಅದರಲ್ಲೇ ಬರೆಯಿರಿ.

## ಹಂತ 1: ನೋಟಿಸು ಅಸಲಿಯೋ ನಕಲಿಯೋ ನೋಡಿ

ತೆರಿಗೆ ನೋಟಿಸಿನ ಹೆಸರಲ್ಲೇ ಮೋಸ ಮಾಡುವವರಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿ, ಲಿಂಕ್ ಒತ್ತಿ ದಂಡ ಕಟ್ಟಿ ಎನ್ನುತ್ತಾರೆ. ಆದಾಯ ತೆರಿಗೆ ಇಲಾಖೆಯ ಪತ್ರವಾದರೆ ಅದರ ಮೇಲೆ ‘ಡಿನ್’ ಎಂಬ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. 2019ರ ಅಕ್ಟೋಬರ್ 1ರಿಂದ ಇದು ಕಡ್ಡಾಯ.

ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ತೆರೆಯಿರಿ. ಮುಖಪುಟದಲ್ಲೇ ಇಲಾಖೆ ಕೊಟ್ಟ ನೋಟಿಸು ಅಥವಾ ಆದೇಶವನ್ನು ದೃಢೀಕರಿಸುವ ಕೊಂಡಿ ಇದೆ. ಲಾಗಿನ್ ಬೇಕಿಲ್ಲ. ಡಿನ್ ಹಾಕಿ, ಮೊಬೈಲಿಗೆ ಬಂದ ಓಟಿಪಿ ಕೊಟ್ಟರೆ ಆ ಪತ್ರ ಇಲಾಖೆ ಹೊರಡಿಸಿದ್ದೋ ಅಲ್ಲವೋ ತಿಳಿಯುತ್ತದೆ. ಪೋರ್ಟಲ್‌ಗೆ ಹೋಗುವಾಗ ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಲೇಬೇಡಿ.

ಅಸಲಿ ಎಂದಾದರೆ ಕೂಡಲೇ ನೋಡಬೇಕಾದ್ದು ಉತ್ತರ ಕೊಡಲು ಇರುವ ಕೊನೆಯ ದಿನ. ಮೂರು ನಾಲ್ಕು ದಿನವಷ್ಟೇ ಉಳಿದಿದ್ದರೆ ಬೇರೆಲ್ಲ ಬಿಟ್ಟು, ಮೊದಲು ಕಾಲಾವಕಾಶ ಕೇಳಿ. ಹಂತ 2 ಮುಗಿಸಿದ ಕೂಡಲೇ ಪೋರ್ಟಲ್‌ನ ‘ಇ-ಪ್ರೊಸೀಡಿಂಗ್ಸ್’ ಒಳಗೆ ಅದಕ್ಕೆ ಅವಕಾಶ ಸಿಗುತ್ತದೆ. ಕ್ರಮ ಮೀರಬಹುದಾದ ಸಂದರ್ಭ ಇದೊಂದೇ.

## ಹಂತ 2: ಖಾತೆಯ ಕೀಲಿಕೈ ನಿಮ್ಮ ಕೈಗೆ ಬರಲಿ

ತೆರಿಗೆ ಖಾತೆಯ ಪಾಸ್‌ವರ್ಡ್ ಏಜೆಂಟರ ಹತ್ತಿರ, ಮೊಬೈಲ್ ನಂಬರ್ ಏಜೆಂಟರದು, ಇಮೇಲ್ ಸೈಬರ್ ಸೆಂಟರಿನದು. ಹೀಗಿರುವ ಖಾತೆಗಳನ್ನು ನಾನು ವಾರಕ್ಕೆ ಒಂದಾದರೂ ನೋಡುತ್ತೇನೆ. ಇಲಾಖೆ ನಿಮಗೆ ಎಚ್ಚರಿಕೆ ಕೊಟ್ಟಿರುತ್ತದೆ, ಆದರೆ ಅದು ಬೇರೆಯವರ ಫೋನಿಗೆ ಹೋಗಿರುತ್ತದೆ.

‘ಪಾಸ್‌ವರ್ಡ್ ಮರೆತಿದೆ’ ಒತ್ತಿ, ಆಧಾರ್ ಓಟಿಪಿ ಮೂಲಕ ಹೊಸ ಪಾಸ್‌ವರ್ಡ್ ಇಡಿ. ನೆಟ್ ಬ್ಯಾಂಕಿಂಗ್ ಇರುವವರು ಬ್ಯಾಂಕಿನ ಕಡೆಯಿಂದಲೂ ಒಳಗೆ ಹೋಗಬಹುದು. ಒಳಹೊಕ್ಕ ಮೇಲೆ ಈ ಕ್ರಮದಲ್ಲಿ ಹೋಗಿ:

ಮೊದಲು ಪ್ರೊಫೈಲಿನ ಈಗಿನ ಸ್ಥಿತಿಯನ್ನು ಸ್ಕ್ರೀನ್‌ಶಾಟ್ ತೆಗೆಯಿರಿ. ಯಾವ ಮೊಬೈಲ್, ಯಾವ ಇಮೇಲ್, ಯಾವ ಬ್ಯಾಂಕ್ ಖಾತೆ ಇದೆಯೋ ಅದೇ ನಿಮ್ಮ ಮೊದಲ ಪುರಾವೆ. ಬಹಳ ಜನ ಸಿಟ್ಟಿನಲ್ಲಿ ಮೊದಲು ನಂಬರ್ ಬದಲಿಸಿಬಿಡುತ್ತಾರೆ, ಕಳ್ಳನ ಗುರುತನ್ನು ತಾವೇ ಅಳಿಸಿದಂತಾಗುತ್ತದೆ.

ಆಮೇಲೆ ಸಂಪರ್ಕ ವಿವರ ಬದಲಿಸಿ. ಗೊತ್ತಿಲ್ಲದ ಬ್ಯಾಂಕ್ ಖಾತೆ ಇದ್ದರೆ ತೆಗೆಯಿರಿ. ‘ಅಧಿಕೃತ ಪಾಲುದಾರರು’ ಭಾಗದಲ್ಲಿ ನಿಮಗೆ ಪರಿಚಯವಿಲ್ಲದ ಲೆಕ್ಕಪರಿಶೋಧಕರೋ ಪ್ರತಿನಿಧಿಯೋ ಸೇರಿದ್ದರೆ ಕಿತ್ತುಹಾಕಿ. ಕೊನೆಗೆ ‘ಇ-ಫೈಲಿಂಗ್ ವಾಲ್ಟ್’ ಎಂಬ ಭದ್ರತೆಯಲ್ಲಿ ಆಧಾರ್ ಓಟಿಪಿ ಇಲ್ಲದೆ ಲಾಗಿನ್ ಆಗದಂತೆ ಮಾಡಿ. ಆಗ ಪಾಸ್‌ವರ್ಡ್ ಗೊತ್ತಿದ್ದವನೂ ಒಳಗೆ ಬರಲಾರ.

## ಹಂತ 3: ಏನೇನು ನಡೆದಿದೆ, ಪೂರ್ತಿ ಎಣಿಸಿ

ಒಂದು ನೋಟಿಸು ಬಂದಿದೆ ಎಂದು ಅದೊಂದನ್ನೇ ಹಿಡಿದು ಓಡಾಡಬೇಡಿ. ಪ್ಯಾನ್ ಕದ್ದವನು ಒಂದೇ ಕಡೆ ಬಳಸಿದ್ದಾನೆ ಎಂದು ನಂಬುವ ಹಾಗಿಲ್ಲ. ಪೊಲೀಸರ ಹತ್ತಿರ ಹೋಗುವ ಮೊದಲು ಈ ಐದನ್ನೂ ತೆಗೆದು, ಪ್ರಿಂಟ್ ಮಾಡಿ, ಪ್ರತಿ ಪುಟದ ಮೇಲೆ ತೆಗೆದ ದಿನಾಂಕ ಬರೆಯಿರಿ.

ಸಲ್ಲಿಸಿದ ರಿಟರ್ನ್‌ಗಳ ಪಟ್ಟಿ. ನೀವು ಸಲ್ಲಿಸದ ರಿಟರ್ನ್ ಅಲ್ಲಿದೆಯೇ? ಇದ್ದು, ಇನ್ನೂ ದೃಢೀಕರಿಸಿಲ್ಲ ಎಂದು ತೋರಿಸಿದರೆ ಅದನ್ನು ಪಿಡಿಎಫ್ ಇಳಿಸಿಕೊಂಡು ಹಾಗೆಯೇ ಬಿಡಿ, ಯಾವ ಕಾರಣಕ್ಕೂ ಇ-ವೆರಿಫೈ ಒತ್ತಬೇಡಿ. ಸಲ್ಲಿಸಿ 30 ದಿನದೊಳಗೆ ದೃಢೀಕರಿಸದ ರಿಟರ್ನ್‌ಗೆ ಸಮಯಕ್ಕೆ ಸಲ್ಲಿಸಿದ ಬೆಲೆ ಇರುವುದಿಲ್ಲ.

ವಾರ್ಷಿಕ ಮಾಹಿತಿ ಪಟ್ಟಿ, ಎಲ್ಲರೂ ಎಐಎಸ್ ಎನ್ನುವುದು. ಸಂಬಳ, ಬಡ್ಡಿ, ಬಾಡಿಗೆ, ಶೇರು, ಆಸ್ತಿ, ಜಿಎಸ್‌ಟಿ ವಹಿವಾಟು ಎಲ್ಲ ಇದರಲ್ಲಿ ಬರುತ್ತದೆ. ಇಳಿಸಿಕೊಂಡ ಪಿಡಿಎಫ್ ತೆರೆಯುತ್ತಿಲ್ಲ ಎಂದು ಪದೇ ಪದೇ ಫೋನ್ ಬರುತ್ತದೆ. ಪಾಸ್‌ವರ್ಡ್ ಎಂದರೆ ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷದ ಎಂಟು ಅಂಕಿ. ನಡುವೆ ಜಾಗ ಬಿಡಬಾರದು. ಒಂದೇ ವರ್ಷದ್ದು ಸಾಲದು, ಸಿಗುವಷ್ಟು ಹಿಂದಿನ ವರ್ಷಗಳದ್ದೂ ತೆಗೆಯಿರಿ.

26ಎಎಸ್. ನಿಮ್ಮ ಹೆಸರಲ್ಲಿ ಯಾರು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿದು ಕಟ್ಟಿದ್ದಾರೆ ಎಂದು ಹೇಳುವ ಪಟ್ಟಿ. ಕಡಿದವರ ಹೆಸರು ಮತ್ತು ಅವರ ‘ಟ್ಯಾನ್’ ಎಂಬ ಗುರುತಿನ ಸಂಖ್ಯೆ ಇಲ್ಲಿ ಸಿಗುತ್ತದೆ. ನೀವು ಕಾಲಿಡದ ಕಂಪನಿಯಲ್ಲಿ ನಿಮಗೆ ಸಂಬಳ ಕೊಟ್ಟಂತೆ ಬರೆದಿದ್ದರೆ, ಯಾರೋ ತಮ್ಮ ಖರ್ಚು ಹೆಚ್ಚಿಸಿ ತೋರಿಸಲು ನಿಮ್ಮನ್ನು ಕಾಗದದ ನೌಕರ ಮಾಡಿಕೊಂಡಿದ್ದಾರೆ.

ಜಿಎಸ್‌ಟಿ ಹುಡುಕಾಟ. ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ತೆರಿಗೆದಾರರನ್ನು ಹುಡುಕಿ’ ಎಂಬಲ್ಲಿ ‘ಪ್ಯಾನ್ ಮೂಲಕ’ ಆರಿಸಿ. ಲಾಗಿನ್ ಬೇಡ, ದುಡ್ಡೂ ಬೇಡ. ನಿಮ್ಮ ಪ್ಯಾನ್ ಮೇಲೆ ದೇಶದ ಯಾವುದೇ ರಾಜ್ಯದಲ್ಲಿ ಪಡೆದ ನೋಂದಣಿ ಬರುತ್ತದೆ. ಹದಿನೈದು ಅಕ್ಷರಗಳ ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ಮುಂದಿನ ಹತ್ತು ನಿಮ್ಮ ಪ್ಯಾನ್. ನಂಬರ್ ಮೇಲೆ ಒತ್ತಿದರೆ ಅಂಗಡಿಯ ಹೆಸರು, ವಿಳಾಸ, ನೋಂದಣಿಯ ದಿನಾಂಕ, ಯಾವ ರಿಟರ್ನ್ ಯಾವಾಗ ಸಲ್ಲಿಸಿದ್ದಾರೆ ಎಂಬುದರ ಜೊತೆಗೆ, ಯಾವ ಕಚೇರಿಯ ವ್ಯಾಪ್ತಿ ಎಂಬುದೂ ಕಾಣುತ್ತದೆ. ಕೇಂದ್ರ, ರಾಜ್ಯ ಎರಡೂ ಕಚೇರಿಯ ಹೆಸರಿರುತ್ತದೆ. ಅದರಲ್ಲಿ ‘ಆಡಳಿತ ಕಚೇರಿ’ ಎಂದು ಯಾವುದಕ್ಕೆ ಬರೆದಿದೆಯೋ ನೀವು ಬರೆಯಬೇಕಾದ್ದು ಅಲ್ಲಿಗೆ. ಇದನ್ನು ನೋಡದೆ ಬಾಗಲಕೋಟೆಯ ಕಚೇರಿಗೆ ಅರ್ಜಿ ಕೊಟ್ಟು ಆರು ತಿಂಗಳು ಕಾದವರಿದ್ದಾರೆ. ಮಹಾರಾಷ್ಟ್ರದ ನೋಂದಣಿಯನ್ನು ಇಲ್ಲಿನ ಅಧಿಕಾರಿ ರದ್ದು ಮಾಡಲಾರರು.

ಸಾಲ ಮತ್ತು ಸಿಮ್. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು.

## ಹಂತ 4: ಪೊಲೀಸ್ ದೂರು

ಇನ್ನು ಮುಂದೆ ಪ್ರತಿ ಕಚೇರಿಯಲ್ಲೂ ಮೊದಲು ಕೇಳುವುದು “ಕಂಪ್ಲೇಂಟ್ ಕೊಟ್ಟೀರೇನ್ರಿ?” ಎಂದೇ. ಅದಕ್ಕೆ ಇದು ನಾಲ್ಕನೆಯದು.

ನ್ಯಾಷನಲ್ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆ ಪಡೆಯಿರಿ. 1930 ಸಹಾಯವಾಣಿ ಮುಖ್ಯವಾಗಿ ಖಾತೆಯಿಂದ ಈಗಷ್ಟೇ ಹಣ ಹೋದವರಿಗೆ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಅದಕ್ಕೇ ಫೋನ್ ಮಾಡಿ. ಆನ್‌ಲೈನ್ ದೂರಿನ ಪ್ರತಿ ಹಿಡಿದು ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಈ ಠಾಣೆ ಇದೆ.

“ಇದು ಮಹಾರಾಷ್ಟ್ರದಾಗ ಆಗಿದ್ದು, ಅಲ್ಲೇ ಹೋಗಿ ಕೊಡ್ರಿ” ಎಂದರೆ ಗಾಬರಿಯಾಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಕೆಲವು ಪ್ರಕರಣಗಳಲ್ಲಿ ಪೊಲೀಸರು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್ ಹಾಕಬಹುದು. ತೆಗೆದುಕೊಳ್ಳಲೇ ಇಲ್ಲವೆಂದರೆ ಅದೇ ದೂರನ್ನು ಎಸ್‌ಪಿ ಸಾಹೇಬರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿ ಇದೆ. ಪೋಸ್ಟಿನ ರಸೀದಿ ಕಳೆದುಕೊಳ್ಳಬೇಡಿ.

ದೂರಿನಲ್ಲಿ ಸಂಕಟದ ಕಥೆ ಉದ್ದವಾಗಿರಬಾರದು, ದಿನಾಂಕಗಳು ಸ್ಪಷ್ಟವಾಗಿರಬೇಕು. ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ:

> “ನನ್ನ ಪ್ಯಾನ್ ಬಳಸಿ ನನಗೆ ತಿಳಿಯದಂತೆ, ನನ್ನ ಒಪ್ಪಿಗೆ ಇಲ್ಲದೆ, ಈ ಕೆಳಗಿನ ಜಿಎಸ್‌ಟಿ ನೋಂದಣಿಯನ್ನು ಯಾರೋ ಪಡೆದಿದ್ದಾರೆ. ಈ ಸಂಸ್ಥೆಯನ್ನು ನಾನು ಸ್ಥಾಪಿಸಿಲ್ಲ, ನಡೆಸಿಲ್ಲ, ಅದರಿಂದ ಯಾವ ಹಣವನ್ನೂ ಪಡೆದಿಲ್ಲ. ನೋಂದಣಿಯಲ್ಲಿರುವ ವಿಳಾಸ, ಮೊಬೈಲ್, ಇಮೇಲ್, ಬ್ಯಾಂಕ್ ಖಾತೆ ಯಾವುವೂ ನನ್ನವಲ್ಲ. ಈ ವಿಷಯ ನನಗೆ ಮೊದಲು ತಿಳಿದದ್ದು ಇಂಥ ದಿನ, ಇಂಥ ರೀತಿಯಲ್ಲಿ.”

ಕೊನೆಯ ವಾಕ್ಯವನ್ನು ಬಿಡಬೇಡಿ. ತಿಳಿದ ದಿನ ಮತ್ತು ದೂರು ಕೊಟ್ಟ ದಿನದ ನಡುವೆ ಎಷ್ಟು ಕಡಿಮೆ ಅಂತರವಿದೆಯೋ ನಿಮ್ಮ ಮಾತಿಗೆ ಅಷ್ಟು ತೂಕ. ಬೇರೆಯವರ ಗುರುತು ಬಳಸಿ ಮೋಸ ಮಾಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ಇದೆ. ಆ ಸೆಕ್ಷನ್ನನ್ನೂ, ಸೋಗು ಹಾಕಿ ವಂಚಿಸುವುದಕ್ಕೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 319ನ್ನೂ ದೂರಿನಲ್ಲಿ ಹೆಸರಿಸಿ.

ಕಾಗದ ಯಾರಿಗೆ ಕೊಟ್ಟಿದ್ದಿರಿ ಎಂಬ ನೆನಪಿದ್ದರೆ ಬರೆಯಿರಿ. ಬರಿಯ ಅನುಮಾನವಿದ್ದರೆ ಅನುಮಾನ ಎಂದೇ ಬರೆಯಿರಿ, ಹೆಸರು ಹಿಡಿದು ಆರೋಪ ಮಾಡಬೇಡಿ.

## ಹಂತ 5: ಸುಳ್ಳು ಜಿಎಸ್‌ಟಿ ನೋಂದಣಿ ರದ್ದು ಮಾಡಿಸುವುದು

ಇಲ್ಲಿ ನೀವು ಕೇಳುವುದು ‘ನನ್ನ ನೋಂದಣಿ ರದ್ದು ಮಾಡಿ’ ಎಂದಲ್ಲ, ‘ಮೋಸದಿಂದ ಪಡೆದ ನೋಂದಣಿಯನ್ನು ರದ್ದು ಮಾಡಿ’ ಎಂದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 29(2)(ಇ) ಪ್ರಕಾರ ವಂಚನೆ, ಸುಳ್ಳು ಹೇಳಿಕೆ, ಸತ್ಯ ಮುಚ್ಚಿಟ್ಟು ಪಡೆದ ನೋಂದಣಿಯನ್ನು ಅಧಿಕಾರಿ ತಾವಾಗಿಯೇ ರದ್ದು ಮಾಡಬಹುದು, ಶುರುವಾದ ದಿನದಿಂದಲೇ ರದ್ದಾಗುವಂತೆಯೂ ಮಾಡಬಹುದು. ಈ ‘ಶುರುವಾದ ದಿನದಿಂದ’ ಎಂಬ ಮಾತನ್ನು ಅರ್ಜಿಯಲ್ಲಿ ಕೇಳಲೇಬೇಕು. ಇಲ್ಲದಿದ್ದರೆ ಇವತ್ತಿನಿಂದ ರದ್ದಾಗಿ, ಹಿಂದಿನ ವಹಿವಾಟೆಲ್ಲ ನಿಮ್ಮ ತಲೆಯ ಮೇಲೆ ಉಳಿಯುವ ಅಪಾಯ ಇದೆ.

ಎರಡು ಕಡೆ ಒಟ್ಟಿಗೆ ಕೊಡಿ. ಒಂದು, ಜಿಎಸ್‌ಟಿಯ ಕುಂದುಕೊರತೆ ಪೋರ್ಟಲ್‌ನಲ್ಲಿ ಪ್ಯಾನ್ ದುರ್ಬಳಕೆಯ ದೂರು. ಅಲ್ಲಿ ಟಿಕೆಟ್ ನಂಬರ್ ಸಿಗುತ್ತದೆ. ಇನ್ನೊಂದು, ಹಂತ 3ರಲ್ಲಿ ಕಂಡ ‘ಆಡಳಿತ ಕಚೇರಿ’ಯ ಅಧಿಕಾರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್. ಹೊರ ರಾಜ್ಯದ ಕಚೇರಿಯಾದರೆ ಇಂಗ್ಲಿಷಿನಲ್ಲೇ ಇರಲಿ. ಕನ್ನಡದ ಅರ್ಜಿ ಅಲ್ಲಿ ಓದುವವರಿಲ್ಲದೆ ಬಿದ್ದಿರುತ್ತದೆ. ಪೊಲೀಸ್ ದೂರಿನ ಪ್ರತಿ, ಹುಡುಕಾಟದ ಪ್ರಿಂಟ್, ಜಾಬ್ ಕಾರ್ಡಿನಂಥ ನಿಮ್ಮ ಪುರಾವೆ, ಜೊತೆಗೆ ನೋಟರಿ ಮಾಡಿಸಿದ ಅಫಿಡವಿಟ್ ಸೇರಿಸಿ.

ನೋಂದಣಿಗೆ ಹಾಕಿದ ಅರ್ಜಿ, ಬಾಡಿಗೆ ಕರಾರು, ಫೋಟೋ, ಮೊಬೈಲ್ ನಂಬರಿನ ಪ್ರತಿ ಕೊಡಿ ಎಂದೂ ಅದೇ ಪತ್ರದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬನಹಟ್ಟಿಯ ಆ ತಾಯಿಯ ಕೇಸು ತಿರುಗಿದ್ದು ಇಲ್ಲಿಯೇ. ಅರ್ಜಿಗೆ ಹಚ್ಚಿದ ಬಾಡಿಗೆ ಕರಾರಿನಲ್ಲಿ ಅವರ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಸರಾಗವಾದ ಸಹಿ ಇತ್ತು. ಅವರು ಬರೆಯುವುದು ಕನ್ನಡದಲ್ಲಿ, ಅದೂ ಒಂದೊಂದೇ ಅಕ್ಷರ ಒತ್ತಿ ಒತ್ತಿ. ಬ್ಯಾಂಕಿನ ಹಳೇ ಸಹಿ ಕಾರ್ಡು, ಸಂಘದ ಪುಸ್ತಕದಲ್ಲಿನ ಸಹಿ, ಈ ಸಹಿ ಮೂರನ್ನೂ ಒಂದೇ ಹಾಳೆಯಲ್ಲಿ ಜೆರಾಕ್ಸ್ ಮಾಡಿ ಕಳಿಸಿದೆವು.

ಆ ನೋಂದಣಿಯ ಲಾಗಿನ್ ನಿಮಗೆ ಸಿಕ್ಕರೂ ಅದರಲ್ಲಿ ಬಾಕಿ ರಿಟರ್ನ್ ತುಂಬಬೇಡಿ. “ನಿಲ್ ರಿಟರ್ನ್ ಹಾಕಿಬಿಟ್ರ ಮುಗೀತು” ಎನ್ನುವವರ ಮಾತು ಕೇಳಬೇಡಿ. ರಿಟರ್ನ್ ಹಾಕಿದಿರೆಂದರೆ ವ್ಯಾಪಾರ ನಿಮ್ಮದೆಂದು ಒಪ್ಪಿದಂತೆ.

## ಹಂತ 6: ಎಐಎಸ್‌ನಲ್ಲಿರುವ ಸುಳ್ಳು ಆದಾಯ

ತಪ್ಪು ನಮೂದಿನ ಪಕ್ಕದಲ್ಲಿ ಅಭಿಪ್ರಾಯ ಕೊಡುವ ಆಯ್ಕೆ ಇರುತ್ತದೆ. ನಿಮಗೆ ಸಂಬಂಧವೇ ಇಲ್ಲದ ನಮೂದಿಗೆ ‘ಮಾಹಿತಿಯನ್ನು ನಿರಾಕರಿಸುತ್ತೇನೆ’ ಎಂಬುದನ್ನೇ ಆರಿಸಿ. ‘ಬೇರೆ ಪ್ಯಾನ್‌ಗೆ ಸೇರಿದ್ದು’ ಎಂಬುದನ್ನು ಆರಿಸಿದರೆ ಆ ಬೇರೆ ಪ್ಯಾನ್ ಯಾವುದೆಂದು ಕೇಳುತ್ತದೆ. ನಿಮಗೆ ಗೊತ್ತಿರುವುದಿಲ್ಲ, ಊಹಿಸಿ ಬರೆಯಬಾರದು. ಬಾಡಿಗೆ ಬಂದಂತೆ ತೋರಿಸಿದ್ದರೂ ಇದೇ ದಾರಿ: ಮನೆ ಬಾಡಿಗೆ ವಿನಾಯಿತಿಗಾಗಿ ಯಾರದೋ ಪ್ಯಾನ್ ಬರೆದುಕೊಡುವ ನೌಕರರಿದ್ದಾರೆ.

ಇಷ್ಟು ಒತ್ತಿ ಸುಮ್ಮನೆ ಕುಳಿತರೆ ಆಗದು. ನಿಮ್ಮ ನಿರಾಕರಣೆ ಆ ಮಾಹಿತಿ ಕೊಟ್ಟವರ ಹತ್ತಿರ ಹೋಗುತ್ತದೆ, ಅವರು ಒಪ್ಪಬಹುದು, ತಳ್ಳಲೂಬಹುದು. ಏನಾಯಿತೆಂದು ಎಐಎಸ್‌ನಲ್ಲೇ ಕಾಣುತ್ತದೆ. ಅಷ್ಟರಲ್ಲಿ ಆ ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿ, ಟಿಡಿಎಸ್ ಲೆಕ್ಕ ತಿದ್ದಿ ಸಲ್ಲಿಸಲು ಹೇಳಿ. 26ಎಎಸ್‌ನಲ್ಲಿರುವುದನ್ನು ಅಳಿಸಲು ನಿಮ್ಮಿಂದ ಆಗದು, ಅವರೇ ತಿದ್ದಬೇಕು. ಅವರು ಉತ್ತರಿಸದಿದ್ದರೆ ಆ ಪತ್ರದ ಪ್ರತಿಯನ್ನು ನಿಮ್ಮ ಆದಾಯ ತೆರಿಗೆ ಅಧಿಕಾರಿಗೆ ಕೊಡಿ. ನಿಮ್ಮ ಅಧಿಕಾರಿ ಯಾರೆಂದು ಪೋರ್ಟಲ್‌ನ ‘ನಿಮ್ಮ ಎಒ ತಿಳಿಯಿರಿ’ ಎಂಬಲ್ಲಿ ಸಿಗುತ್ತದೆ.

ಇಲ್ಲೊಂದು ಆಸೆಯ ಗುಂಡಿ ಇದೆ. ಸುಳ್ಳು ಸಂಬಳದ ಜೊತೆ ಟಿಡಿಎಸ್ ಕೂಡ ನಿಮ್ಮ ಹೆಸರಲ್ಲಿ ಜಮೆಯಾಗಿರುತ್ತದೆ. “ಹದಿನಾಲ್ಕು ಸಾವಿರ ರಿಫಂಡ್ ಬರ್ತದರೀ ಕಾಕಾ, ಯಾಕ ಬಿಡ್ತೀರಿ?” ಎಂದು ಏಜೆಂಟ ಹೇಳುತ್ತಾನೆ. ಆ ರಿಫಂಡ್ ಪಡೆದರೆ ಸಂಬಳ ನಿಮಗೆ ಬಂದಿತ್ತೆಂದು ನೀವೇ ಬರೆದುಕೊಟ್ಟಂತೆ. ಆಮೇಲೆ ಯಾವ ಪೊಲೀಸ್ ದೂರೂ ನಿಲ್ಲುವುದಿಲ್ಲ. ನಿಮ್ಮದಲ್ಲದ ಟಿಡಿಎಸ್‌ನ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಸಂಬಳ ಮತ್ತು ಕಡಿದ ತೆರಿಗೆಯ ಲೆಕ್ಕವಿರುವ ಫಾರ್ಮ್ 16ನ್ನು ನೀವೇ ಏಜೆಂಟನಿಗೆ ಕೊಟ್ಟು, ಅವನು ಇಲ್ಲದ ವಿಮೆ, ದೇಣಿಗೆ ತೋರಿಸಿ ರಿಫಂಡ್ ತಂದುಕೊಟ್ಟು, ನೀವೂ ಓಟಿಪಿ ಹೇಳಿದ್ದರೆ ಅದು ಗುರುತಿನ ಕಳವಲ್ಲ. ಆ ರಿಟರ್ನ್‌ಗೆ ಹೊಣೆ ನೀವೇ. ಶಿಕ್ಷಕರು, ಸರಕಾರಿ ನೌಕರರು ಹೀಗೆ ಸಿಕ್ಕಿಕೊಂಡು ನನ್ನ ಹತ್ತಿರ ಬಂದಾಗ ಕಳವಿನ ದೂರು ಕೊಡಿಸಲು ನಾನು ಒಪ್ಪುವುದಿಲ್ಲ. ಅವರಿಗಿರುವ ದಾರಿ ತಿದ್ದುಪಡಿ ರಿಟರ್ನ್, ಅದರ ಅವಧಿ ಮುಗಿದಿದ್ದರೆ ನವೀಕೃತ ರಿಟರ್ನ್.

## ಹಂತ 7: ನೋಟಿಸಿಗೆ, ಡಿಮಾಂಡಿಗೆ ಉತ್ತರ

ಎಐಎಸ್‌ನಲ್ಲಿ ನಿರಾಕರಿಸಿದ್ದು ನೋಟಿಸಿಗೆ ಉತ್ತರವಾಗುವುದಿಲ್ಲ. ನೋಟಿಸಿಗೆ ಬೇರೆಯಾಗಿ, ‘ಇ-ಪ್ರೊಸೀಡಿಂಗ್ಸ್’ ಒಳಗೇ ಉತ್ತರಿಸಬೇಕು. ಪ್ರತಿ ನಮೂದಿಗೂ ಒಂದೊಂದು ಪ್ಯಾರಾ: ಇದು ನನ್ನದಲ್ಲ, ಇಂಥ ದಿನ ನಿರಾಕರಿಸಿದ್ದೇನೆ, ದೂರಿನ ಸಂಖ್ಯೆ ಇಷ್ಟು, ಲಗತ್ತು ಇಷ್ಟನೆಯದು. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪೂರ್ತಿ ಹಚ್ಚಿ. ಆ ಹಣ ನಿಮಗೆ ಬಂದಿಲ್ಲ ಎಂದು ಅದೇ ಹೇಳುತ್ತದೆ.

ಉತ್ತರ ಕೊಡದಿದ್ದರೆ ಅಧಿಕಾರಿ ತಮಗೆ ಸಿಕ್ಕ ಮಾಹಿತಿಯಷ್ಟನ್ನೇ ನೋಡಿ ತೆರಿಗೆ ನಿಗದಿ ಮಾಡುತ್ತಾರೆ, ಆ ಮಾಹಿತಿ ಎಂದರೆ ಕಳ್ಳನು ಬರೆಸಿದ್ದು. ಮಾಹಿತಿ ಕೇಳಿ ಕಳಿಸುವ 142(1) ನೋಟಿಸಿಗೆ ಉತ್ತರಿಸದಿದ್ದರೆ ಬೇರೆಯಾಗಿ 10,000 ರೂಪಾಯಿ ದಂಡಕ್ಕೂ ಅವಕಾಶವಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಆದರೂ, ಹಿಂದಿನ ವರ್ಷಗಳ ವಿಷಯಕ್ಕೆ 1961ರ ಕಾಯ್ದೆಯ ಹಳೇ ಸೆಕ್ಷನ್ ನಂಬರುಗಳೇ ನೋಟಿಸಿನಲ್ಲಿ ಬರುತ್ತವೆ. ಅದನ್ನು ಕಂಡು ನಕಲಿ ಎಂದುಕೊಳ್ಳಬೇಡಿ.

ಡಿಮಾಂಡ್, ಅಂದರೆ ಇಷ್ಟು ತೆರಿಗೆ ಕಟ್ಟಿ ಎಂಬ ಬೇಡಿಕೆ, ಆಗಲೇ ಬಂದಿದ್ದರೆ ‘ಬಾಕಿ ಬೇಡಿಕೆಗೆ ಪ್ರತಿಕ್ರಿಯೆ’ ಎಂಬಲ್ಲಿ ‘ಒಪ್ಪುವುದಿಲ್ಲ’ ಎಂದು ದಾಖಲಿಸಿ, ಕಾರಣ ಬರೆಯಿರಿ. ಆದೇಶವೇ ಆಗಿದ್ದರೆ ಮೇಲ್ಮನವಿಗೆ 30 ದಿನ. ಆ ಹಂತದಲ್ಲಿ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನೋ ತೆರಿಗೆ ವಕೀಲರನ್ನೋ ಹಿಡಿಯಿರಿ, ಅಲ್ಲಿಯವರೆಗಿನ ಕೆಲಸವನ್ನು ಓದುಬಲ್ಲ ಮಕ್ಕಳ ಸಹಾಯದಿಂದ ನೀವೇ ಮಾಡಿಕೊಳ್ಳಬಹುದು. ಪೋರ್ಟಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಇಲಾಖೆಯ ಸಹಾಯವಾಣಿ 1800 103 0025.

## ಹಂತ 8: ನಿಂತುಹೋದದ್ದನ್ನು ಮತ್ತೆ ಶುರು ಮಾಡಿಸುವುದು

ಜಿಎಸ್‌ಟಿ ನೋಂದಣಿ ರದ್ದಾದ ಆದೇಶ ಕೈಗೆ ಬಂದ ಮೇಲೆ ಗೃಹಲಕ್ಷ್ಮಿ ಹಣಕ್ಕಾಗಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ. ಅದಕ್ಕೆ ಮುಂಚೆ ಹೋದರೆ ಬರೀ ಓಡಾಟ. ರದ್ದು ಆದೇಶ, ಪೊಲೀಸ್ ದೂರು, ಪ್ಯಾನ್ ಹುಡುಕಾಟದ ಹೊಸ ಪ್ರಿಂಟ್ ಈ ಮೂರನ್ನು ಹಚ್ಚಿ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ರೇಷನ್ ಕಾರ್ಡಿಗೆ ತೊಂದರೆಯಾಗಿದ್ದರೆ ಇದೇ ಕಟ್ಟು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ.

ಗೊತ್ತಿಲ್ಲದ ಸಾಲಕ್ಕೆ ಸಿಬಿಲ್‌ನಂಥ ಸಂಸ್ಥೆಯಲ್ಲೂ ಸಾಲ ಕೊಟ್ಟವರಲ್ಲೂ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

## ಹಂತ 9: ಮತ್ತೆ ಆಗದಂತೆ

ಹೊಸ ಪ್ಯಾನ್ ಮಾಡಿಸಿಕೊಳ್ಳಬೇಡಿ. ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ, ಹಳೇ ಗಂಟು ಹಾಗೇ ಉಳಿಯುತ್ತದೆ.

ಜೆರಾಕ್ಸ್ ಕೊಡುವಾಗ ಅದರ ನಡುವೆಯೇ, ಫೋಟೋ ಮತ್ತು ಅಕ್ಷರಗಳ ಮೇಲೆ ಹಾಯುವಂತೆ, ಅಡ್ಡಲಾಗಿ ಬರೆಯಿರಿ: ‘ಸಂಘದ ಸಾಲಕ್ಕೆ ಮಾತ್ರ’, ಕೆಳಗೆ ದಿನಾಂಕ, ಸಹಿ. ಮೂಲೆಯಲ್ಲಿ ಬರೆದರೆ ಕತ್ತರಿಸಿ ಬಿಡುತ್ತಾರೆ. ಬನಹಟ್ಟಿಯ ತಾಯಿ ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೊಂದು ಜೆರಾಕ್ಸ್ ಇದ್ದವು. ಅಂಥವನ್ನು ಕೇಳಿದವರಿಗೆಲ್ಲ ಕೊಡುತ್ತ ಬಂದಿದ್ದರು, ಒಂದರ ಮೇಲೂ ಒಂದು ಅಕ್ಷರ ಬರೆದಿರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟು ಬಂದ ಪ್ರತಿಯನ್ನೂ ಬಿಟ್ಟು ಬರಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಅಂಗಡಿಯವರ ಫೋನು, ಕಂಪ್ಯೂಟರಿನಿಂದ ನಿಮ್ಮೆದುರೇ ಅಳಿಸಲು ಹೇಳಿ. ಆಧಾರ್ ಕೊಡಬೇಕಾದಲ್ಲಿ ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್’ ಪ್ರತಿ ಇಳಿಸಿಕೊಂಡು ಕೊಡಿ. ಬಯೋಮೆಟ್ರಿಕ್ ಲಾಕ್ ಮಾಡಿ, ರೇಷನ್ ತರುವ ದಿನ ತೆರೆದು ಮತ್ತೆ ಹಾಕಿ.

ಟಿಡಿಎಸ್ ಲೆಕ್ಕ ಸಲ್ಲಿಸುವ ಕೊನೆಯ ದಿನಗಳು ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31. ಪ್ರತಿ ಸಲ ಅದಾದ ಹದಿನೈದು ದಿನಕ್ಕೆ, ಅಂದರೆ ಆಗಸ್ಟ್, ನವೆಂಬರ್, ಫೆಬ್ರವರಿ, ಜೂನ್ ತಿಂಗಳ ಮಧ್ಯದಲ್ಲಿ, 26ಎಎಸ್ ಮತ್ತು ಪ್ಯಾನ್ ಮೂಲಕ ಜಿಎಸ್‌ಟಿ ಹುಡುಕಾಟ ಎರಡನ್ನೂ ಒಮ್ಮೆ ನೋಡಿ. ಮನೆಯಲ್ಲಿ ಪ್ಯಾನ್ ಇರುವ ಪ್ರತಿಯೊಬ್ಬರದ್ದೂ, ಅಜ್ಜಿಯದ್ದೂ ಸೇರಿ.